ಗುಡ್ಡದ ಮುಂದೆ ಕೆಂಪು ಕಾರು

ನಮ್ಮೂರಿಗೆ ಬಂದು ಒಂದು ಗಾಡಿ ಎಷ್ಟು ವೇಗವಾಗಿ ಓಡುತ್ತದೆ ಅಂತ ಕೇಳಿ ನೋಡಿ, ಜನ ನಿಮ್ಮನ್ನು ಮೇಲಿಂದ ಕೆಳಗೆ ನೋಡಿ ಸುಮ್ಮನಾಗುತ್ತಾರೆ. ಓಡುವುದೇನು ಮಹಾ, ಇಳಿಜಾರು ಸಿಕ್ಕರೆ ಖಾಲಿ ಡ್ರಮ್ಮೂ ಓಡುತ್ತದೆ. ನಿಂತಾಗ ಹೇಗಿರುತ್ತದೆ ಅನ್ನುವುದು ನಮ್ಮ ಪ್ರಶ್ನೆ. ಗೇರು ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು ಕಾಲು ಗಂಟೆ ಅದರ ಪಾಡಿಗೆ ಬಿಟ್ಟರೆ ಎಂಜಿನ್ ಒಂದೇ ಸಮ ಗುನುಗುತ್ತಾ ಇರುತ್ತದೋ, ಇಲ್ಲಾ ಏದುಸಿರು ಬಿಟ್ಟು ಆರಿಹೋಗುತ್ತದೋ? ಐಡ್ಲಿಂಗ್ ಅಂದರೆ ಅದು. ಬೇರೆ ಊರಿನಲ್ಲಿ ಮೆಕ್ಯಾನಿಕ್ಕುಗಳು ಹತ್ತಾರು ಕೆಲಸ ಮಾಡುತ್ತಾರೆ, ನಾನು ಮೂವತ್ತೈದು ವರ್ಷದಿಂದ ಮುಖ್ಯರಸ್ತೆಯ ನನ್ನ ಗ್ಯಾರೇಜಿನಲ್ಲಿ ಇದೊಂದನ್ನೇ ಮಾಡಿಕೊಂಡು ಬಂದಿದ್ದೇನೆ. ಐಡ್ಲಿಂಗ್ ಭದ್ರಣ್ಣ ಅಂದರೆ ಸುತ್ತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಸ್ವಲ್ಪ ಜಂಬ ಇದೆ, ಇಲ್ಲ ಅನ್ನುವುದಿಲ್ಲ.

ಇದಕ್ಕೆಲ್ಲ ಕಾರಣ ಗುಡ್ಡ. ನಮ್ಮ ಗುಡ್ಡ ದಿನಾ ಮಧ್ಯಾಹ್ನ ಮೂರೂವರೆಗೆ ರಸ್ತೆ ದಾಟುತ್ತದೆ. ಒಂದು ದಿನ ಕೆರೆ ಕಡೆಯಿಂದ ಸಂತೆಮಾಳದ ಕಡೆಗೆ, ಮರುದಿನ ವಾಪಸು. ದೊಡ್ಡದೇನಲ್ಲ, ಮೂರು ಮಹಡಿ ಎತ್ತರ, ತಲೆ ಮೇಲೆ ಒಂದಷ್ಟು ಲಂಟಾನ ಪೊದೆ, ನಡುವೆ ಎರಡು ಬೇವಿನ ಮರ. ಕೆರೆ ಕಡೆಯ ಹೆಂಗಸರು ಬೆಳಿಗ್ಗೆ ಅದರ ಬಂಡೆ ಮೇಲೆ ಬಟ್ಟೆ ಒಣಹಾಕಿ, ಸಂಜೆ ಸಂತೆಮಾಳಕ್ಕೆ ಹೋಗಿ ಮಡಚಿಕೊಂಡು ಬರುತ್ತಾರೆ. ಬೇವಿನ ನೆರಳಲ್ಲಿ ಮಲಗಿದವರು ಆಚೆ ವಾರ್ಡಿನಲ್ಲಿ ಏಳುವುದು ಮಾಮೂಲು. ಪೋಸ್ಟ್‌ಮ್ಯಾನ್ ಚೀಲದಲ್ಲಿ ಎರಡು ಕಟ್ಟು ಇರುತ್ತವೆ, ಗುಡ್ಡ ಇತ್ತ ಇದ್ದರೆ ಹಂಚುವ ಕಾಗದ ಬೇರೆ, ಅತ್ತ ಇದ್ದರೆ ಬೇರೆ. ಹುಟ್ಟಿದಾಗಿನಿಂದ ನೋಡಿದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ.

ಆದರೆ ಗುಡ್ಡಕ್ಕೆ ಒಂದು ಹಟ ಇದೆ. ರಸ್ತೆಯ ಎರಡೂ ಕಡೆ ಗಾಡಿಗಳು ನಿಂತು, ಎಂಜಿನ್‌ಗಳು ಸಣ್ಣಗೆ ಗುನುಗುತ್ತಿದ್ದರೆ ಮಾತ್ರ ಅದು ಹೆಜ್ಜೆ ತೆಗೆಯುತ್ತದೆ. ಯಾರಾದರೂ ಆಕ್ಸಿಲರೇಟರ್ ಒತ್ತಿ ಗುರ್ ಅನ್ನಿಸಿದರೆ ಬೆದರುತ್ತದೆ. ಮುಂದಿನ ಸಾಲಿನ ಗಾಡಿ ಆರಿಹೋಯಿತೋ, ನಡುರಸ್ತೆಯಲ್ಲಿ ಕೂತುಬಿಡುತ್ತದೆ, ಮರುದಿನ ಮೂರೂವರೆ ತನಕ ಏಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಕಾಯುವವರು ಹ್ಯಾಂಡ್‌ಬ್ರೇಕ್ ಎಳೆದು, ಬಲಗಾಲಿನ ಚಪ್ಪಲಿ ಬಿಚ್ಚಿ ಬಾನೆಟ್ ಮೇಲೆ ಇಡುತ್ತಾರೆ. ನೋಡಿ, ನನ್ನ ಕಾಲು ಆಕ್ಸಿಲರೇಟರ್ ಮೇಲೆ ಇಲ್ಲ, ಎಂಜಿನ್ ತನ್ನ ಯೋಗ್ಯತೆಯಲ್ಲೇ ನಡೆಯುತ್ತಿದೆ ಅಂತ ಊರಿಗೆ ತೋರಿಸುವ ರೀತಿ ಅದು. ಬಾನೆಟ್ ಮೇಲೆ ಚಪ್ಪಲಿ ಇಲ್ಲದ ಗಾಡಿಯನ್ನು ನಮ್ಮ ಜನ ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ.

ಮದುವೆಯೂ ಅಲ್ಲೇ. ಗಂಡು ತನ್ನ ಸ್ವಂತ ಗಾಡಿಯಲ್ಲಿ ಹೆಣ್ಣನ್ನು ಕೂರಿಸಿಕೊಂಡು ಮುಂದಿನ ಸಾಲಿನಲ್ಲಿ ನಿಲ್ಲಬೇಕು. ಗುಡ್ಡ ದಾಟುವ ತನಕ ಎಂಜಿನ್ ಆರಬಾರದು. ದಾಟಿತೋ, ಮದುವೆ ಆಯಿತು. ಆರಿತೋ, ಇನ್ನೊಂದು ಸಲ ನಿಲ್ಲಬಹುದು, ಮತ್ತೊಂದು ಸಲವೂ ನಿಲ್ಲಬಹುದು. ಮೂರನೇ ಸಲವೂ ಗುಡ್ಡ ಕೂತರೆ ಆ ಸಂಬಂಧದ ಮಾತನ್ನು ಯಾರೂ ಮತ್ತೆ ಎತ್ತುವಂತಿಲ್ಲ, ಹೆಣ್ಣುಗಂಡು ಒಪ್ಪಿದ್ದರೂ ಅಷ್ಟೇ.

ನನಗೆ ಒಬ್ಬಳೇ ತಂಗಿ, ನೀಲಾಂಬಿಕೆ, ನೀಲಾ ಅಂತೀವಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಅಪ್ಪ ಅಮ್ಮ ಹೋದ ಮೇಲೆ ಅವಳ ಮದುವೆ ಮಾಡುವುದು ನನ್ನ ಜವಾಬ್ದಾರಿ ಆಯಿತು, ಆ ಜವಾಬ್ದಾರಿಯನ್ನು ನಾನು ಎಷ್ಟು ಚೆನ್ನಾಗಿ ನಿಭಾಯಿಸಿದೆ ಅಂದರೆ ಅವಳಿಗೆ ನಲವತ್ತನಾಲ್ಕು ತುಂಬಿದರೂ ಮದುವೆ ಆಗಿರಲಿಲ್ಲ. ಗಂಡುಗಳು ಬರಲಿಲ್ಲ ಅಂತಲ್ಲ. ಏಳು ಜನ ಬಂದಿದ್ದರು. ಅವರು ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದರೆ ನಾನು ಹೊರಗೆ ಅವರ ಗಾಡಿ ಸ್ಟಾರ್ಟ್ ಮಾಡಿ ಕಿವಿ ಕೊಡುತ್ತಿದ್ದೆ. ಒಬ್ಬನ ಬೈಕು ಮೂರು ನಿಮಿಷಕ್ಕೊಮ್ಮೆ ಒಂದು ಬಡಿತ ತಪ್ಪುತ್ತಿತ್ತು, ಬೇಡ ಅಂದೆ. ಒಬ್ಬನ ವ್ಯಾನು ಬಿಸಿಯಾದ ಮೇಲೆ ನಡುಗುತ್ತಿತ್ತು, ಬೇಡ ಅಂದೆ. ಗಾಡಿಯನ್ನೇ ನೆಟ್ಟಗೆ ಇಟ್ಟುಕೊಳ್ಳದವನು ತಂಗಿಯನ್ನು ಏನು ನೋಡಿಕೊಂಡಾನು ಅನ್ನುವುದು ನನ್ನ ವಾದ. ಅವಳು ಆಗ ಏನೂ ಹೇಳುತ್ತಿರಲಿಲ್ಲ, ನಾನು ಅದನ್ನು ಒಪ್ಪಿಗೆ ಅಂದುಕೊಂಡಿದ್ದೆ. ಮಹಾ ಬುದ್ಧಿವಂತ ನಾನು.

ಹೋದ ವರ್ಷ ಉತ್ತಯ್ಯ ಅನ್ನುವವರು ಬಂದರು. ಐವತ್ತೊಂದು ವಯಸ್ಸು, ನೆಟ್ಟನೆ ಮೈಕಟ್ಟು, ಮೂವತ್ತು ವರ್ಷ ಕಾರ್ ರೇಸ್ ಓಡಿಸಿ ಸಾಕಾಗಿ ನಿಲ್ಲಿಸಿದವರು. ಮಕ್ಕಳಿಗೆ ರಸ್ತೆ ಸುರಕ್ಷತೆ ಬಗ್ಗೆ ಮಾತಾಡಲು ನೀಲಾಳ ಸ್ಕೂಲಿಗೆ ಕರೆಸಿದ್ದರಂತೆ. ವೇಗದ ಲೆಕ್ಕ ಬೋರ್ಡ್ ಮೇಲೆ ಬರೆಯುವಾಗ ಒಂದು ಕಡೆ ತಪ್ಪಿದರು, ಇವಳು ಎಲ್ಲರೆದುರೇ ಎದ್ದು ತಿದ್ದಿದಳು, ಅವರು ಡಸ್ಟರ್ ಅವಳ ಕೈಗೆ ಕೊಟ್ಟು ಬೆಂಚಿನಲ್ಲಿ ಹೋಗಿ ಕೂತರಂತೆ. ಅಲ್ಲಿಗೆ ಮುಗಿಯಿತು, ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡರು. ಹೊರಗಿನವರಾದ್ದರಿಂದ ನಮ್ಮ ಮದುವೆಯ ಪದ್ಧತಿ ಅವರಿಗೆ ಹೇಳಬೇಕಾಯಿತು. ಅಷ್ಟೇನಾ, ನಿಂತಿರೋದು ತಾನೇ ಅಂದರು. ಅವರ ಹತ್ತಿರ ಇದ್ದದ್ದು ಒಂದೇ ಗಾಡಿ, ರೇಸಿಗೆ ಓಡಿಸುತ್ತಿದ್ದ ಕೆಂಪು ಕಾರು. ಎರಡೇ ಬಾಗಿಲು, ಅಗಲ ಟೈರು, ಸ್ಟಾರ್ಟ್ ಮಾಡಿದರೆ ನಮ್ಮ ಗ್ಯಾರೇಜಿನ ಸ್ಪ್ಯಾನರ್‌ಗಳು ಗೋಡೆಯ ಮೇಲೆ ಅಲುಗುತ್ತಿದ್ದವು.

ಮೊದಲ ಸಲ ನಿಂತಾಗ ನಾನು ಪರೀಕ್ಷೆಯನ್ನೂ ಮಾಡಿರಲಿಲ್ಲ. ಅಂಥ ದೊಡ್ಡ ಕಾರು, ಅದೇನು ಆರುತ್ತದೆ ಅಂದುಕೊಂಡಿದ್ದೆ. ಹೊನ್ನಜ್ಜಿ ಎಂದಿನಂತೆ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಗುಡ್ಡದ ಮೇಲೆ ಮೇಯುವ ಮೇಕೆಗಳೆಲ್ಲ ಅವಳವು, ಗುಡ್ಡ ಹೊರಟಿತು, ದಾಟಿತು ಅಂತ ಹೇಳುವ ಹಕ್ಕೂ ಅವಳದು. ಗುಡ್ಡ ಹೊರಟಿತು. ಉತ್ತಯ್ಯನವರ ಬಲಗಾಲಿನ ಬೂಟು ಬಾನೆಟ್ ಮೇಲೆ ಇತ್ತು, ಪಕ್ಕದಲ್ಲಿ ನೀಲಾ ಹಸಿರು ಸೀರೆ ಉಟ್ಟು ಕೂತಿದ್ದಳು. ಗುಡ್ಡ ರಸ್ತೆಯ ಅಂಚಿಗೆ ಬರುವಾಗ ಕಾರಿನ ದನಿ ಏರಿತು, ಇಳಿಯಿತು, ಮತ್ತೆ ಏರಿತು, ಆಮೇಲೆ ಒಮ್ಮೆ ಮೈ ಕೊಡವಿ ಆರಿಹೋಯಿತು. ಗುಡ್ಡ ನಡುರಸ್ತೆಯಲ್ಲಿ ಧೊಪ್ಪನೆ ಕೂತಿತು. ಒಂದು ದಿನ ಪೂರ್ತಿ ಹಾಲಿನ ಕ್ಯಾನುಗಳನ್ನು ಜನ ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿ ಇಳಿಸಿದರು, ಕ್ಷೌರದವನು ಕುರ್ಚಿ ತಂದು ಅದರ ಬುಡದಲ್ಲೇ ಹಾಕಿಕೊಂಡ. ಯಾರೂ ಬೈಯಲಿಲ್ಲ, ಆದರೆ ಎಲ್ಲರೂ ನನ್ನ ಕಡೆ ನೋಡಿದರು.

ಆ ಸಂಜೆ ನೀಲಾ ಗ್ಯಾರೇಜಿಗೆ ಬಂದಳು. ಸಾಮಾನ್ಯವಾಗಿ ಅವಳು ಗ್ರೀಸಿನ ವಾಸನೆಗೆ ಬಾಗಿಲಲ್ಲೇ ನಿಲ್ಲುವವಳು, ಅವತ್ತು ಒಳಗೆ ಬಂದು ಟೂಲ್ ಪೆಟ್ಟಿಗೆ ಮೇಲೆ ಕೂತಳು. ಈ ಸಂಬಂಧ ನನಗೂ ಸರಿ ಕಾಣಲಿಲ್ಲ, ಐಡ್ಲಿಂಗ್ ಇಲ್ಲದ ಗಾಡಿ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಎತ್ತಿ ತಡೆದಳು.

“ಏಳು ಜನರನ್ನ ಗಾಡಿ ನೋಡಿ ವಾಪಸು ಕಳಿಸಿದೆ ನೀನು. ಈ ಸಲ ಮನುಷ್ಯನ್ನ ನಾನು ನೋಡಿದೀನಿ ಅಣ್ಣ. ಗಾಡಿ ನೀನು ನೋಡು.”

ಅಷ್ಟು ಹೇಳಿ ಎದ್ದು ಹೋದಳು. ಇಪ್ಪತ್ತು ವರ್ಷ ನುಂಗಿಕೊಂಡಿದ್ದ ಮಾತು ಅದು ಅಂತ ನನಗೆ ಗೊತ್ತಾಯಿತು. ಅಂಗಿ ತೋಳು ಮಡಚಿ, ಒಳಗೆ ತಂದು ನಿಲ್ಲಿಸಿದ್ದ ಕೆಂಪು ಕಾರಿನ ಬಾನೆಟ್ ಎತ್ತಿದೆ.

ಎಂಜಿನ್ ಅಂದರೆ ಏನು, ಗಾಳಿ ಎಳೆದುಕೊಂಡು ಪೆಟ್ರೋಲು ಸುಡುವ ಯಂತ್ರ. ಓಡುವಾಗ ಬಕಬಕನೆ ಗಾಳಿ ಕುಡಿಯುತ್ತದೆ, ಒಂದು ಗುಟುಕು ಆಚೀಚೆ ಆದರೂ ನಡೆಯುತ್ತದೆ. ನಿಂತಾಗ ಹಾಗಲ್ಲ, ಅಳೆದು ತೂಗಿ ಉಸಿರಾಡುತ್ತದೆ. ಆಗ ಎಲ್ಲೋ ಒಂದು ಬಿರುಕಿನಿಂದ ಕಳ್ಳಗಾಳಿ ನುಗ್ಗಿದರೆ ಲೆಕ್ಕ ತಪ್ಪಿ, ಏರಿಳಿದು ಆರುತ್ತದೆ. ಇದು ಕಳ್ಳಗಾಳಿಯದ್ದೇ ಕಾಯಿಲೆ ಅಂತ ಲಕ್ಷಣ ಕಂಡ ಕೂಡಲೇ ನನಗೆ ಅನ್ನಿಸಿತ್ತು. ಪ್ಲಗ್ಗುಗಳನ್ನು ಬಿಚ್ಚಿ ನೋಡಿದೆ, ಒಳ್ಳೆ ಗೋಧಿ ಬಣ್ಣ, ಒಂದು ತಪ್ಪಿಲ್ಲ. ಗಾಳಿ ಒಳಗೆ ಬಿಡುವ ಬಾಗಿಲು, ಅದೇ ಥ್ರಾಟಲ್, ಬಿಚ್ಚಿ ಮಸಿ ತೊಳೆದೆ. ಗಾಳಿ ಹೋಗುವ ಒಂದೊಂದು ಹೋಸ್ ಪೈಪಿಗೂ ಸೋಪಿನ ನೀರು ಸವರಿ, ಗುಳ್ಳೆ ಒಳಗೆ ಎಳೆದುಕೊಳ್ಳುತ್ತದೆಯಾ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಎಲ್ಲೂ ಇಲ್ಲ. ಸ್ಟಾರ್ಟ್ ಮಾಡಿ ಬಿಟ್ಟೆ. ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆ ಆಯಿತು. ಕಾರು ಆರಲಿಲ್ಲ, ಅಲುಗಲಿಲ್ಲ. ಬಾನೆಟ್ ಮೇಲೆ ಲೋಟದಲ್ಲಿ ನೀರಿಟ್ಟೆ, ನೀರು ಕದಡಲಿಲ್ಲ. ನನಗೆ ಸಂತೋಷ ಆಗುವ ಬದಲು ತಲೆ ಕೆಟ್ಟಿತು. ಕೆಟ್ಟ ಗಾಡಿಯನ್ನು ರಿಪೇರಿ ಮಾಡಬಹುದು, ಚೆನ್ನಾಗಿರುವ ಗಾಡಿಯನ್ನು ಏನು ಮಾಡುವುದು?

ಕೊನೆಗೆ ಒಂದು ಕೆಲಸ ಮಾಡಿದೆ. ರೇಸ್ ಕಾರಿನ ಐಡ್ಲಿಂಗ್ ನಮ್ಮೂರ ಗಾಡಿಗಳಿಗಿಂತ ಜೋರು, ಗುಡ್ಡಕ್ಕೆ ಅದು ಹಿಡಿಸಿರಲಾರದು ಅಂತ ಸ್ಕ್ರೂ ತಿರುಗಿಸಿ ಇಳಿಸಿದೆ. ಉತ್ತಯ್ಯನವರು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಈ ಕಾರನ್ನು ಇಷ್ಟು ಹೊತ್ತು ನಿಲ್ಲಿಸಿದ್ದೇ ಇಲ್ಲ ಭದ್ರಣ್ಣ, ಒಂದೋ ಓಡಿಸಿದೆ, ಇಲ್ಲವೋ ಆರಿಸಿದೆ, ನಿಲ್ಲುವ ವಿದ್ಯೆ ನನಗೂ ಹೊಸದು ಇದಕ್ಕೂ ಹೊಸದು ಅಂದರು. ಒಳ್ಳೆ ಮನುಷ್ಯ, ನಾನು ಕೇಳದಿದ್ದರೂ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದರು, ಕೊಟ್ಟದ್ದು ಯಾವಾಗಲೂ ಸರಿಯಾದ ಸೈಜಿನದೇ. ನನಗೆ ಅವರ ಮೇಲೆ ಕೋಪ ಮಾಡಿಕೊಳ್ಳಬೇಕು ಅಂತ ಇತ್ತು, ಆಗಲಿಲ್ಲ.

ಎರಡನೇ ಸಲಕ್ಕೆ ನಾನು ಬಾನೆಟ್ಟಿನ ಮುಂದೆಯೇ ನಿಂತೆ, ಕಿವಿ ಎಂಜಿನ್ನಿನ ಮೇಲೆ, ಕಣ್ಣು ಬೂಟಿನ ಮೇಲೆ. ಈ ಸಲ ಗುಡ್ಡ ರಸ್ತೆಯ ಅಂಚಿಗೆ ಬರುವ ಮೊದಲೇ ಕಾರು ಆರಿತು. ನಾನು ರಿಪೇರಿ ಮಾಡಿದ ಮೇಲೆ ಇನ್ನೂ ಬೇಗ ಆರಿತು ಅಂತ ಊರೆಲ್ಲ ಮಾತಾಡಿಕೊಂಡಿತು. ಮೂವತ್ತೈದು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲು. ನೀಲಾ ಇಳಿದು ಬಂದು ಮೆಲ್ಲಗೆ, ಕಾರಿನ ಒಳಗೆ ಉಸ್ ಅಂತ ಸಣ್ಣ ಶಬ್ದ ಕೇಳಿತು ಅಣ್ಣ, ಕುಕ್ಕರ್ ಕೂಗುವ ಮುಂಚೆ ಬರುತ್ತದಲ್ಲ ಹಾಗೆ ಅಂದಳು. ಅದು ಗುಡ್ಡದ ಉಸಿರಿರಬೇಕು ಅಂತ ನಾನು ಗದರಿದೆ. ಲೆಕ್ಕದ ಮೇಷ್ಟ್ರಿಗೆ ಎಂಜಿನ್ ಬಗ್ಗೆ ಏನು ಗೊತ್ತು ಅನ್ನುವ ಧೋರಣೆ. ಈಗ ನೆನೆಸಿಕೊಂಡರೆ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಾರನೇ ದಿನ ನಾನೇ ಆ ಕಾರನ್ನು ಓಡಿಸಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ನಿಂತೆ. ಹ್ಯಾಂಡ್‌ಬ್ರೇಕ್ ಎಳೆದೆ, ಚಪ್ಪಲಿ ಬಿಚ್ಚಿ ಇಟ್ಟೆ. ಗುಡ್ಡ ಎದ್ದಿತು, ಬಂದಿತು, ಆರಾಮಾಗಿ ದಾಟಿತು, ಅದರ ಮೇಲಿನ ಮೇಕೆಯೊಂದು ನನ್ನ ಕಡೆ ನೋಡಿಕೊಂಡೇ ಹೋಯಿತು. ಕಾರು ಗುಂಯ್ ಅಂತ ನಿಂತೇ ಇತ್ತು. ಅದರ ಮರುದಿನವೂ ಹಾಗೇ. ಊರಿನವರಿಗೆ ಲೆಕ್ಕ ಸಿಕ್ಕಿಬಿಟ್ಟಿತು. ಕಾರಿನಲ್ಲಿ ದೋಷವಿಲ್ಲ, ಗುಡ್ಡಕ್ಕೆ ಆ ಮನುಷ್ಯ ಇಷ್ಟವಿಲ್ಲ. ಹೋಟೆಲಿನಲ್ಲಿ, ಪಡಿತರದ ಕ್ಯೂನಲ್ಲಿ ಇದೇ ಮಾತು. ಹೊನ್ನಜ್ಜಿ ಮಾತ್ರ, ಗುಡ್ಡಕ್ಕೆ ಗಾಡಿ ಗೊತ್ತು, ಮನುಷ್ಯರ ಮೋರೆ ಗೊತ್ತಿಲ್ಲ ಕಣೋ ಅಂತ ನನಗೆ ಹೇಳಿದಳು. ನಂಬಲೋ ಬೇಡವೋ ತಿಳಿಯಲಿಲ್ಲ.

ಉತ್ತಯ್ಯನವರು ಅವತ್ತು ಗ್ಯಾರೇಜಿಗೆ ಬಂದು, ಮೂರನೇ ಸಲ ನಿಲ್ಲುವುದು ಬೇಡವೇನೋ ಅಂದರು. ಊರೆದುರು ನೀಲಾಂಬಿಕೆಯವರಿಗೆ ಇನ್ನೊಂದು ಸಲ ಅವಮಾನ ಆಗುವುದು ಬೇಡ, ನಿಲ್ಲದೇ ಇದ್ದರೆ ಮೂರು ಸಲ ಆದಂತೆ ಆಗುವುದಿಲ್ಲ, ಮಾತಾದರೂ ಉಳಿದಿರುತ್ತದೆ ಅಂತ ಅವರ ಯೋಚನೆ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಅಲ್ಲಿದ್ದ ಒಂದು ನಟ್ಟನ್ನು ಬೆರಳಲ್ಲಿ ಉರುಳಿಸುತ್ತಿದ್ದರು. ಈ ಮನುಷ್ಯ ನನ್ನ ತಂಗಿಯನ್ನು ಇಷ್ಟು ಹಚ್ಚಿಕೊಂಡಿದ್ದಾರಲ್ಲ ಅಂತ ನನಗೆ ಆಗ ಅನ್ನಿಸಿತು. ಮನೆಗೆ ಹೋಗಿ ನೀಲಾಳಿಗೆ ಹೇಳಿದೆ. ಅವಳು ಪೇಪರ್ ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ. ಮಾತು ಉಳಿಸಿಕೊಂಡು ಉಪ್ಪಿನಕಾಯಿ ಹಾಕಬೇಕಾ, ಬರೋ ಸೋಮವಾರ ನಿಲ್ತೀವಿ ಅಂತ ಹೊನ್ನಜ್ಜಿಗೆ ಹೇಳಿ ಬಾ ಅಂದಳು.

ಸೋಮವಾರಕ್ಕೆ ಆರು ದಿನ ಇತ್ತು. ಆ ಆರು ದಿನ ನಾನು ಆ ಕಾರಿನ ಮೇಲೆ ಮಾಡದ ಕೆಲಸವಿಲ್ಲ. ಪೆಟ್ರೋಲ್ ಟ್ಯಾಂಕು ಇಳಿಸಿ ತೊಳೆದೆ. ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಉತ್ತಯ್ಯನವರ ಬೂಟು ಭಾರ ಹೆಚ್ಚಾಗಿ ಬಾನೆಟ್ ಬಗ್ಗಿ ಏನನ್ನಾದರೂ ಒತ್ತುತ್ತದೆಯಾ ಅಂತ ತಕ್ಕಡಿಯಲ್ಲಿ ಬೂಟು ತೂಗಿದೆ, ನಗಬೇಡಿ, ಆ ಹೊತ್ತಿಗೆ ನನ್ನ ಬುದ್ಧಿ ಅಷ್ಟಕ್ಕೆ ಬಂದಿತ್ತು. ಐಡ್ಲಿಂಗ್ ಸ್ಕ್ರೂ ಮೊದಲಿದ್ದ ಜಾಗಕ್ಕೇ ತಂದಿಟ್ಟೆ. ಪ್ರತಿ ಸಲವೂ ನಾನು ಬಾನೆಟ್ಟಿಗೆ ತಲೆ ಕೊಟ್ಟು ನಿಂತಿರುತ್ತಿದ್ದೆ, ಡ್ರೈವರ್ ಸೀಟು ಖಾಲಿ ಇರುತ್ತಿತ್ತು, ಕಾರು ಚಿನ್ನದಂತೆ ನಡೆಯುತ್ತಿತ್ತು.

ಸೋಮವಾರ ಬಂತು. ಊರಿಗೆ ಊರೇ ಸೇರಿತ್ತು. ಗುಡ್ಡ ಕೂತರೆ ಇರಲಿ ಅಂತ ಹೆಂಗಸರು ಮುಂಚೆಯೇ ತರಕಾರಿ ತಂದಿಟ್ಟುಕೊಂಡಿದ್ದರಂತೆ, ಅಷ್ಟು ನಂಬಿಕೆ ನಮ್ಮ ಮೇಲೆ. ಕೆಂಪು ಕಾರು ಮುಂದಿನ ಸಾಲಿನ ನಡುವೆ ನಿಂತಿತು. ಅದರ ಹಿಂದೆ ಎಂದಿನಂತೆ ಡೈರಿಯ ಹಾಲಿನ ವ್ಯಾನು. ಉತ್ತಯ್ಯನವರು ಬೂಟು ಬಿಚ್ಚಿ ಕೊಟ್ಟರು, ನಾನು ಬಾನೆಟ್ ಮೇಲೆ ಇಟ್ಟೆ. ಅವರ ಹಣೆ ಬೆವರಿತ್ತು. ನೀಲಾ ಅದೇ ಹಸಿರು ಸೀರೆಯಲ್ಲಿ, ಹೆಣ್ಣು ಗುಡ್ಡವನ್ನೇ ನೋಡುತ್ತಿರಬೇಕು ಅನ್ನುವ ಪದ್ಧತಿಯಂತೆ ಎದುರಿಗೆ ದೃಷ್ಟಿ ನೆಟ್ಟು ಕೂತಿದ್ದಳು. ಹೊನ್ನಜ್ಜಿ ಕೈ ಎತ್ತಿ ಹೊರಟಿತು ಅಂದಳು. ಅಲ್ಲಿಂದ ಮುಂದೆ ಯಾರೂ ಜೋರಾಗಿ ಮಾತಾಡುವಂತಿಲ್ಲ.

ಗುಡ್ಡ ಹತ್ತಿರ ಬಂತು. ಎಂಜಿನ್ನಿನ ದನಿ ಏರಿತು, ಇಳಿಯಿತು. ನನಗೆ ನೋಡಲಾಗಲಿಲ್ಲ ಕಣ್ರೀ. ಐಡ್ಲಿಂಗ್ ಭದ್ರಣ್ಣ ಅನ್ನಿಸಿಕೊಂಡವನು ಬಾನೆಟ್ ಬಿಟ್ಟು, ತಲೆ ತಗ್ಗಿಸಿಕೊಂಡು, ಕಾರಿನ ಹಿಂದಕ್ಕೆ ಹೋಗಿ ನಿಂತುಬಿಟ್ಟೆ. ತಂಗಿಯ ಬದುಕು ಕಣ್ಣೆದುರು ಆರಿಹೋಗುವುದನ್ನು ನೋಡಲು ಧೈರ್ಯ ಇರಲಿಲ್ಲ. ಜೀವಮಾನದಲ್ಲಿ ಗಾಡಿಯ ಹಿಂದೆ ನಿಂತು ಐಡ್ಲಿಂಗ್ ಕೇಳಿದವನಲ್ಲ ನಾನು, ಅಲ್ಲಿ ಹೊಗೆ ಬಿಟ್ಟು ಇನ್ನೇನಿರುತ್ತದೆ.

ಅಲ್ಲಿ ಎರಡು ಕೆಂಪು ದೀಪ ಉರಿಯುತ್ತಿದ್ದವು.

ಬ್ರೇಕ್ ಲೈಟು. ನಾನು ಮೊದಲು ಸುಮ್ಮನೆ ನೋಡಿದೆ. ದೀಪ ಹೊತ್ತಿದಾಗ ಎಂಜಿನ್ನಿನ ದನಿ ಇಳಿಯಿತು. ದೀಪ ಆರಿತು, ದನಿ ಏರಿತು. ಮತ್ತೆ ಹೊತ್ತಿತು, ಇಳಿಯಿತು. ನಮ್ಮೂರಲ್ಲಿ ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ಬ್ರೇಕ್ ಪೆಡಲನ್ನು ಯಾರೂ ಮುಟ್ಟುವುದಿಲ್ಲ, ಬಲಗಾಲು ಬರಿಗಾಲಾಗಿ ಸುಮ್ಮನಿರುತ್ತದೆ, ಎಡಗಾಲನ್ನಂತೂ ಕ್ಲಚ್ಚಿಗೆ ಬಿಟ್ಟು ಬೇರೆ ಯಾವುದಕ್ಕೂ ಯಾರೂ ಬಳಸಿದವರಿಲ್ಲ. ಆದರೆ ರೇಸಿನವರು ಎಡಗಾಲಲ್ಲೇ ಬ್ರೇಕ್ ತುಳಿಯುತ್ತಾರೆ. ಬಾವುಟ ಬೀಳುವ ತನಕ ಕಾರನ್ನು ಎಡಗಾಲಲ್ಲೇ ಹಿಡಿದಿಡುತ್ತಾರೆ. ಮೂವತ್ತು ವರ್ಷದ ಅಭ್ಯಾಸ, ಎದುರಿಗೆ ಗುಡ್ಡ ಬಂದ ಹಾಗೆ ಆ ಕಾಲು ತಾನಾಗಿ ಒತ್ತುತ್ತಿದೆ. ಬ್ರೇಕ್ ಹಗುರಾಗಲಿ ಅಂತ ಎಂಜಿನ್ನಿನ ಉಸಿರಿನಿಂದಲೇ ಕೆಲಸ ಮಾಡುವ ಒಂದು ದುಂಡನೆ ಡಬ್ಬಿ ಇರುತ್ತದೆ, ಅದರೊಳಗೆ ರಬ್ಬರಿನ ಪರದೆ. ಆ ಪರದೆ ಹರಿದಿದೆ. ಪೆಡಲ್ ಮುಟ್ಟದಿದ್ದರೆ ಹರಿದದ್ದು ಗೊತ್ತೇ ಆಗುವುದಿಲ್ಲ, ತುಳಿದರೆ ಅಲ್ಲಿಂದ ಕಳ್ಳಗಾಳಿ. ನೀಲಾ ಕೇಳಿದ ಉಸ್ ಅದೇ, ನಾನು ಐಡ್ಲಿಂಗ್ ಇಳಿಸಿದ ಮೇಲೆ ಇನ್ನೂ ಬೇಗ ಆರಿದ್ದೂ ಅದಕ್ಕೇ. ಇಷ್ಟೂ ನನ್ನ ತಲೆಗೆ ಬರಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಬರಬೇಕಾದದ್ದು ಮೂರು ವಾರದ ಹಿಂದೆ.

ಕೂಗುವಂತಿಲ್ಲ. ಗುಡ್ಡದ ಮೂತಿ ಆಗಲೇ ರಸ್ತೆಯ ಮೇಲಿತ್ತು, ಕಾರು ಕೊನೆಯ ಏದುಸಿರಿನಲ್ಲಿತ್ತು. ನಾನು ಐವತ್ತಾರರ ವಯಸ್ಸಿನಲ್ಲಿ ಬೆಕ್ಕಿನ ಹಾಗೆ ಓಡಿ ನೀಲಾಳ ಕಿಟಕಿಗೆ ಬಗ್ಗಿದೆ. ಉತ್ತಯ್ಯನವರಿಗೇ ಹೇಳಬಹುದಿತ್ತು, ಆದರೆ ಅವರ ಕಣ್ಣು ಗುಡ್ಡದಲ್ಲಿ ಸಿಕ್ಕಿಕೊಂಡಿತ್ತು, ನನ್ನ ದನಿ ಅವರಿಗೆ ಕೇಳುವ ಸ್ಥಿತಿ ಇರಲಿಲ್ಲ.

“ನೀಲಾ, ಅವರ ಎಡಗಾಲು ಎತ್ತಿ ನಿನ್ನ ತೊಡೆ ಮೇಲೆ ಇಟ್ಕೋ,” ಅಂದೆ.

ಯಾಕೆ ಅಂತ ಕೇಳಬೇಕಲ್ಲವೇ ಯಾರಾದರೂ? ಊರೆಲ್ಲ ನೋಡುತ್ತಿದೆ, ಮದುವೆಯ ಹೊತ್ತು, ಗುಡ್ಡದಿಂದ ಕಣ್ಣು ತೆಗೆಯಬಾರದು ಅನ್ನುವ ಪದ್ಧತಿ ಬೇರೆ. ಅವಳು ಕೇಳಲಿಲ್ಲ. ಬಗ್ಗಿದಳು, ಆ ಕಾಲನ್ನು ಮಂಡಿಯ ಹತ್ತಿರ ಎರಡೂ ಕೈಯಲ್ಲಿ ಹಿಡಿದಳು, ಗೇರಿನ ಮೇಲಿಂದ ಎಳೆದು ಬೂಟು ಸಮೇತ ಹಸಿರು ಸೀರೆಯ ಮಡಿಲಲ್ಲಿ ಇಟ್ಟುಕೊಂಡಳು. ಉತ್ತಯ್ಯನವರು ಸೀಟಿನಲ್ಲಿ ಅಡ್ಡಡ್ಡ ತಿರುಗಿ, ಬಾಗಿಲಿಗೆ ಬೆನ್ನು ಕೊಟ್ಟು, ಬಾಯಿ ತೆರೆದುಕೊಂಡು ಅವಳನ್ನೇ ನೋಡಿದರು. ಅವಳು ಮತ್ತೆ ನೆಟ್ಟಗೆ ಕೂತು ಗುಡ್ಡದ ಕಡೆ ನೋಡಿದಳು, ಹಿಡಿತ ಬಿಡಲಿಲ್ಲ.

ಎಂಜಿನ್ ಒಮ್ಮೆ ಕೆಮ್ಮಿತು. ಆಮೇಲೆ ಅದರ ದನಿ ಮೆಲ್ಲನೆ ಏರಿ, ಒಂದು ಕಡೆ ನಿಂತು, ಗುಂಯ್ ಅಂತ ಹಿಡಿಯಿತು. ಗುಡ್ಡ ಅರೆಕ್ಷಣ ತಡೆಯಿತು. ಅದರ ಮೇಲಿನ ಕಲ್ಲೊಂದು ಉರುಳಿ ನಮ್ಮ ಮುಂದೆ ಬಿದ್ದಿತು. ನಂತರ ಹೆಜ್ಜೆ ಕಿತ್ತು ಇಟ್ಟಿತು, ಇನ್ನೊಂದು ಇಟ್ಟಿತು. ಅದರ ನೆರಳು ಕಾರಿನ ಮೇಲೆ ಹಾಯುವಾಗ ಒಳಗಿದ್ದ ಇಬ್ಬರೂ ಕಾಣಲಿಲ್ಲ, ನೆರಳು ಸರಿದಾಗ ಇಬ್ಬರೂ ಇದ್ದ ಹಾಗೇ ಇದ್ದರು, ಕಾಲು ಮಡಿಲಲ್ಲೇ. ಎರಡು ಬೇವಿನ ಮರ, ಲಂಟಾನ, ಹೊನ್ನಜ್ಜಿಯ ಮೇಕೆಗಳು, ಯಾರದೋ ಎರಡು ಬೆಡ್‌ಶೀಟು, ಎಲ್ಲ ಸಾಲಾಗಿ ದಾಟಿಹೋದವು. ಬಾಲದ ಕಡೆಯ ಬಂಡೆ ಸಂತೆಮಾಳಕ್ಕೆ ಇಳಿದದ್ದೇ ಹೊನ್ನಜ್ಜಿ ಕೈ ಇಳಿಸಿ ದಾಟಿತು ಅಂದಳು.

ಅದುವರೆಗೆ ಉಸಿರು ಹಿಡಿದಿದ್ದ ಜನ ಒಟ್ಟಿಗೇ ನಕ್ಕರು. ಅಂಥ ನಗು ನಮ್ಮ ರಸ್ತೆಯಲ್ಲಿ ನಾನು ಕೇಳಿಲ್ಲ. ಹೈಸ್ಕೂಲಿನ ಮಕ್ಕಳು ತಮ್ಮ ಗಣಿತದ ಟೀಚರ್ ಮಡಿಲಲ್ಲಿ ಬೂಟುಗಾಲು ನೋಡಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು, ಬೈಯಬೇಕಾದ ಹೆಡ್‌ಮಾಸ್ತರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಲಿನ ವ್ಯಾನಿನವನು ಇಳಿದು ಬಂದು, ಆ ಕೆಂಪು ದೀಪ ನಾನು ಮೂರು ಸಲವೂ ನೋಡಿದ್ದೆ ಭದ್ರಣ್ಣ, ಮದುವೆ ಕಾರಲ್ವಾ, ಅಲಂಕಾರಕ್ಕೆ ಹಾಕಿದಾರೆ ಅಂದ್ಕೊಂಡೆ ಅಂದ. ಅವನಿಗೆ ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯದೆ ತಬ್ಬಿಕೊಂಡೆ.

ಒಂದು ಕೆಲಸ ಉಳಿದಿತ್ತು. ಮದುವೆ ಪೂರ್ತಿಯಾಗಲು ಹೆಣ್ಣಿನ ಕಡೆಯ ಹಿರಿಯರು ಬಾನೆಟ್ ಮೇಲೆ ಅಂಗೈ ಇಟ್ಟು ಗಾಡಿ ಒಪ್ಪಿಗೆ ಅನ್ನಬೇಕು. ಹೊನ್ನಜ್ಜಿ ಕಲ್ಲಿನಿಂದ ಇಳಿದು ಬಂದು ನನ್ನ ಮುಂದೆ ನಿಂತಳು, ಐಡ್ಲಿಂಗ್ ಹೇಗಿದೆ ಭದ್ರ ಅಂತ ಕೇಳಿದಳು. ನಾನು ಕೈ ಇಟ್ಟೆ. ಸುಳ್ಳು ಹೇಳುವುದಿಲ್ಲ, ಆಗಿನ ಏದುಸಿರಿನ ಸಣ್ಣ ನಡುಕ ಇನ್ನೂ ಇತ್ತು. ಇಪ್ಪತ್ತು ವರ್ಷ ನಾನು ಅದಕ್ಕಿಂತ ಸಣ್ಣ ನಡುಕಕ್ಕೆ ಒಳ್ಳೆಯ ಮನುಷ್ಯರನ್ನು ಉಪ್ಪಿಟ್ಟಿನ ತಟ್ಟೆಯ ಮುಂದಿನಿಂದ ಎಬ್ಬಿಸಿ ಕಳಿಸಿದ್ದೆ. ಗಾಜಿನ ಆಚೆ ನೀಲಾ ನನ್ನನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ಅವಳು ಒಳಕೋಣೆಯ ಬಾಗಿಲಲ್ಲಿ ನಿಂತು ನನ್ನ ಬಾಯಿಯಿಂದ ಏನು ಬರುತ್ತದೆ ಅಂತ ಹೀಗೇ ನೋಡುತ್ತಿದ್ದಳಲ್ಲವೇ ಅಂತ ಆಗ ನೆನಪಾಯಿತು. ನನಗೆ ಅಳು ಬಂತು, ಬರಲಿ ಅಂತ ಬಿಟ್ಟೆ.

“ಚೆನ್ನಾಗಿದೆ ಅಜ್ಜಿ,” ಅಂದೆ. “ಒಪ್ಪಿಗೆ.”

ಬಾಗಿಲು ತೆಗೆದರೆ ಉತ್ತಯ್ಯನವರಿಗೆ ಇಳಿಯಲು ಆಗುತ್ತಿಲ್ಲ. ಅಷ್ಟು ಹೊತ್ತು ಎತ್ತಿ ಹಿಡಿದಿದ್ದಕ್ಕೆ ಎಡಗಾಲು ಜೋಮು ಹಿಡಿದಿತ್ತು. ಕ್ಷಮಿಸಿ ಭಾವ, ನಾನು ತುಳೀತಿದ್ದೀನಿ ಅಂತ ನನಗೇ ಗೊತ್ತಿರಲಿಲ್ಲ ಅಂದರು. ಭಾವ ಅಂದದ್ದು ಅದೇ ಮೊದಲು. ಒಂದು ಕಡೆ ನಾನು ಹೆಗಲು ಕೊಟ್ಟೆ, ಇನ್ನೊಂದು ಕಡೆ ನೀಲಾ. ಬಲಗಾಲಲ್ಲಿ ಬೂಟಿಲ್ಲ, ಎಡಗಾಲಲ್ಲಿ ಬಲವಿಲ್ಲ. ಹಾಗೆ ಕುಪ್ಪಳಿಸುತ್ತಾ, ನಗುತ್ತಾ, ನಡುನಡುವೆ ಜೋಮಿಗೆ ಅಯ್ಯೋ ಅನ್ನುತ್ತಾ ನಮ್ಮ ಮನೆಯ ಅಳಿಯ ಮುಖ್ಯರಸ್ತೆಯ ಉದ್ದಕ್ಕೂ ನಡೆದು ಬಂದರು, ಅರ್ಧ ಊರು ಹಿಂದೆ ಬಂತು. ಹೊಸಿಲ ಹತ್ತಿರ ಬಂದಾಗ ನೀಲಾ ನಿಂತು, ಅಣ್ಣ, ಕಾರು ಆರಿಸಿದ್ಯಾ ಅಂತ ಕೇಳಿದಳು. ನಾನು ಆರಿಸಿರಲಿಲ್ಲ. ಮೂವರೂ ಕಿವಿ ಕೊಟ್ಟು ಕೇಳಿದೆವು. ದೂರದಲ್ಲಿ, ಒಳಗೆ ಯಾರೂ ಇಲ್ಲದೆ, ಅದು ಇನ್ನೂ ನಡೆಯುತ್ತಿತ್ತು.